ಒಮ್ಮೆ ಹಚ್ಚಿ ಆರಿಸಿದ ಮೇಣದ ಬತ್ತಿಯ ಸುಂಕ

ಆಮದು ಸುಂಕದ ಮಾನ್ಯ ಅಧಿಕಾರಿಗಳೇ,

ನಮ್ಮ ಮೇಣದ ಬತ್ತಿಯ ಶೆಡ್ಡಿಗೆ ನಿಮ್ಮ ಕಚೇರಿ ಹಾಕಿರುವ ಬೀಗ ಬಹಳ ಗಟ್ಟಿಯಾಗಿದೆ. ನಮ್ಮ ಹಳೆಯ ಬೀಗವನ್ನು ಜೋರಾಗಿ ಎಳೆದರೆ ಸಾಕಿತ್ತು, ಬಿಚ್ಚಿಕೊಳ್ಳುತ್ತಿತ್ತು. ಆದರೂ ಇಷ್ಟು ವರ್ಷ ಯಾವ ಕಳ್ಳನೂ ಎಳೆದು ನೋಡಲಿಲ್ಲ. ಈಗ ನನ್ನ ಅತ್ತಿಗೆಯ ತಗಡಿನ ಅಚ್ಚುಗಳು, ಮೇಣ ಕರಗಿಸುವ ಹಂಡೆ, ದಾರದ ಉಂಡೆ ಎಲ್ಲವೂ ಒಳಗೆ ಭದ್ರವಾಗಿವೆ. ಅತ್ತಿಗೆಯೊಬ್ಬರು ಮಾತ್ರ ಹೊರಗೆ ಉಳಿದಿದ್ದಾರೆ. ಅವರನ್ನು ಭದ್ರವಾಗಿಡುವ ನಿಯಮವೂ ನಿಮ್ಮಲ್ಲಿ ಇದೆಯೇ?

ನಾನು ಹಳ್ಳಿ ಶಾಲೆಯಲ್ಲಿ ಓದಿದವಳು. ನನಗೆ ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಹೊರದೇಶದಿಂದ ಮೇಣದ ಗಟ್ಟಿ ಬಂದರೆ ಭಾರೀ ಸುಂಕ. ಅದೇ ಮೇಣ ಹೊಟ್ಟೆಯೊಳಗೆ ಒಂದು ದಾರ ಇಟ್ಟುಕೊಂಡು ಬತ್ತಿಯಾಗಿ ಬಂದರೆ ಸುಂಕವೇ ಇಲ್ಲ, ಅದಕ್ಕೆ ದೇಶ ದೇಶಗಳ ನಡುವೆ ಒಪ್ಪಂದವಿದೆಯಂತೆ. ಮೇಣದ ಮೇಲಿನ ಸುಂಕ ನಮ್ಮ ದೇಶದ ಮೇಣದ ಕಾರ್ಖಾನೆಯನ್ನು ಕಾಪಾಡುವುದಕ್ಕಂತೆ. ಬಹಳ ಸಂತೋಷ. ಆ ಕಾರ್ಖಾನೆ ಯಾವತ್ತೋ ಮುಚ್ಚಿತು, ಅದರ ಅಂಗಳದಲ್ಲಿ ಈಗ ಆಡುಗಳು ಮೇಯುತ್ತಿವೆ. ಆಡುಗಳಿಗೆ ಇಷ್ಟು ದೊಡ್ಡ ರಕ್ಷಣೆ ಕೊಟ್ಟ ಸರ್ಕಾರ ಭೂಮಿಯ ಮೇಲೆ ಇನ್ನೊಂದು ಇರಲಾರದು. ಕಡಿಮೆ ಸುಂಕದಲ್ಲಿ ಸ್ವಲ್ಪ ಮೇಣ ತರಿಸಲು ಕೋಟಾ ಇದೆ, ನಿಜ. ಆದರೆ ಪ್ರತಿ ವರ್ಷ ಅದರ ಬಾಗಿಲು ತೆರೆಯುವಷ್ಟರಲ್ಲಿ ದೊಡ್ಡ ಕಂಪನಿಯವರು ಒಳಗೆ ಕುಳಿತು ಚಹಾ ಕುಡಿಯುತ್ತಿರುತ್ತಾರೆ. ಯಾವ ಬಾಗಿಲಿನಿಂದ ಬಂದಿರಿ ಎಂದು ನಾನು ಅವರನ್ನು ಕೇಳುವುದಿಲ್ಲ. ಕೇಳುವವನು ಮೇಲಿದ್ದಾನೆ.

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯೇ ಶೆಡ್ ನಡೆಸುತ್ತಿದ್ದಾರೆ, ನಾನು ಜೊತೆಗಿದ್ದೇನೆ. ಮೇಣ ಕೈಗೆ ಎಟುಕದಾದಾಗ ಅವರು ಒಂದು ದಾರಿ ಹುಡುಕಿದರು. ಹೊರದೇಶದ ಬತ್ತಿಗಳನ್ನೇ ಪೆಟ್ಟಿಗೆಗಟ್ಟಲೆ ಕೊಂಡು, ಕರಗಿಸಿ, ಅವುಗಳ ಬಡಕಲು ದಾರ ಎತ್ತಿ ಬಿಸಾಡಿ, ನಮ್ಮ ದಪ್ಪ ದಾರ ಹಾಕಿ ಮತ್ತೆ ಬತ್ತಿ ಎರೆಯುವುದು! ನಗಬೇಡಿ. ಹಾಗೆ ಮಾಡಿದರೇ ಅಗ್ಗ ಬೀಳುವಂತೆ ನಿಯಮ ಬರೆದವರು ನೀವು. ಪ್ರಾರ್ಥನಾ ಮಂದಿರಗಳಿಗೆ ನಮ್ಮ ಬತ್ತಿಯೇ ಬೇಕು, ಏಕೆಂದರೆ ಅದು ಹೊಗೆ ಕಾರುವುದಿಲ್ಲ, ಪ್ರಾರ್ಥನೆಯ ನಡುವೆ ಕೈಕೊಡುವುದೂ ಇಲ್ಲ.

ನನಗೆ ಮಾತ್ರ ಒಂದು ಸಂಕಟ ಹತ್ತಿಕೊಂಡಿತು. ಯಾರೋ ಕಾಣದ ಊರಿನ ಹೆಂಗಸು ಉರಿಯಲಿ ಎಂದು ಮಾಡಿದ ಬತ್ತಿ, ಒಮ್ಮೆಯೂ ಉರಿಯದೆ ಹಂಡೆಗೆ ಬೀಳುವುದು ಸರಿಯೇ? ಹಾಗಾಗಿ ಕರಗಿಸುವ ಮೊದಲು ಪ್ರತಿಯೊಂದನ್ನೂ ಹಚ್ಚಿ, "ದೇವರೇ, ಇದನ್ನು ಮಾಡಿದ ಕೈ ಚೆನ್ನಾಗಿರಲಿ" ಎಂದು ಹೇಳಿ ಊದಿ ಆರಿಸುತ್ತಿದ್ದೆ. ಒಂದು ದಿನ ಹಾಗೆ ಊದುತ್ತಿರುವಾಗಲೇ ನಿಮ್ಮ ಇನ್‌ಸ್ಪೆಕ್ಟರ್ ಬಂದರು. ಮೇಜಿನ ಮೇಲೆ ಸಾಲಾಗಿ ನಿಂತಿದ್ದ ಕಪ್ಪು ಮೂತಿಯ ಬತ್ತಿಗಳನ್ನು ನೋಡಿದರು.

"ಏನಮ್ಮಾ, ಇವನ್ನೆಲ್ಲ ಹಚ್ಚಿದೀರಾ?"

"ದೇವರಿಗೆ ಸಾರ್. ಒಂದೇ ಗಳಿಗೆ."

"ಒಂದು ಗಳಿಗೆ ಆದ್ರೂ ಉಪಯೋಗ ಆಯ್ತಲ್ಲ. ಉಪಯೋಗ ಆದ್ಮೇಲೆ ಇದು ಬತ್ತಿ ಅಲ್ಲಮ್ಮ, ಹಳೇ ಮೇಣ. ಮೇಣ ಅಂದ್ಮೇಲೆ ಸುಂಕ ಕಟ್ಟಬೇಕು. ಕಟ್ಟಿದೀರಾ?"

ಅತ್ತಿಗೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಇನ್ನೂ ಊದು ತಾಯಿ! ನಿನ್ನ ಉಸಿರಿಗೂ ಒಂದು ಸುಂಕ ಹಾಕ್ಲಿ, ಕಟ್ಟೋಣ."

ಇನ್‌ಸ್ಪೆಕ್ಟರ್ ನಗಲಿಲ್ಲ. ಸಂಜೆಯೊಳಗೆ ಬೀಗ ಬಿತ್ತು.

ಆಮೇಲೆ ವಿಚಾರಣೆಗೆಂದು ನಿಮ್ಮ ಕೋಣೆಗೆ ಬಂದೆವು. ನೆನಪಿದೆಯೇ? ನೀವು ನಿಯಮ ಓದಿ ಹೇಳಲು ಕನ್ನಡಕ ಹಾಕಿಕೊಂಡಿರಿ, ಅಷ್ಟರಲ್ಲಿ ಕರೆಂಟು ಹೋಯಿತು. ಕಿಟಕಿಗೆ ಕಡತಗಳ ಕಪಾಟು ಅಡ್ಡ ನಿಂತಿದ್ದರಿಂದ ಕೋಣೆಯೆಲ್ಲ ಕತ್ತಲು. ನೀವು ಮೇಜಿನ ಡ್ರಾಯರ್ ಎಳೆದು ಒಂದು ಬತ್ತಿ ತೆಗೆದು ಹಚ್ಚಿದಿರಿ. ಹೊರದೇಶದ್ದು, ಅದರ ಹೊಗೆಗೆ ಅತ್ತಿಗೆ ಕೆಮ್ಮಿದರು. ಅದರ ಬೆಳಕಿನಲ್ಲೇ "ಒಮ್ಮೆ ಉಪಯೋಗಿಸಿದ ಬತ್ತಿಯನ್ನು ಮೇಣವೆಂದೇ ಪರಿಗಣಿಸತಕ್ಕದ್ದು" ಎಂದು ಓದಿ ಹೇಳಿದಿರಿ. ಕರೆಂಟು ಬಂತು. ನೀವು ಬತ್ತಿಯನ್ನು ಊದಿ ಮತ್ತೆ ಡ್ರಾಯರಿಗೆ ಹಾಕಿದಿರಿ. ಅಲ್ಲಿ ಅದರ ಅಣ್ಣತಮ್ಮಂದಿರು ಇನ್ನೂ ಕೆಲವರು ಮೂತಿ ಕಪ್ಪು ಮಾಡಿಕೊಂಡು ಮಲಗಿದ್ದರು. ಅತ್ತಿಗೆ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದರು. ದೊಡ್ಡವರ ಮುಂದೆ ನಗಬಾರದೆಂದು ನಾನು ದೇವರ ಧ್ಯಾನ ಮಾಡಿದೆ.

ಈಗ ಮಂದಿರದವರು ಬಂದು ಬೀಗ ನೋಡಿ ಹಿಂದಿರುಗುತ್ತಿದ್ದಾರೆ. ಒಮ್ಮೆ ಹೊಗೆಯ ಬತ್ತಿಗೆ ಒಗ್ಗಿಹೋದರೆ ಅವರು ಮತ್ತೆ ನಮ್ಮ ಕಡೆ ತಿರುಗುವುದಿಲ್ಲ. ಅಣ್ಣ ಕಟ್ಟಿದ ಶೆಡ್ಡಿನಲ್ಲೂ ಆಗ ಆಡುಗಳೇ ಮೇಯಬೇಕು. ಅವುಗಳ ರಕ್ಷಣೆಗೆ ನೀವು ಇನ್ನೊಂದು ಸುಂಕ ಹಾಕುವಿರೋ ಏನೋ!

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬತ್ತಿಗೆ ಯಾವ ಸುಂಕವೋ ಮೇಣಕ್ಕೂ ಅದೇ ಇರಲಿ, ಮಾಡಿದ ಬತ್ತಿಯನ್ನೇ ಕರಗಿಸಿ ಮತ್ತೆ ಬತ್ತಿ ಮಾಡುವ ನಮ್ಮ ಹುಚ್ಚಾಟ ನಿಲ್ಲಲಿ. ಅದು ದೇಶದೇಶದವರು ಕೂತು ಮಾತಾಡಬೇಕಾದ ವಿಷಯ, ತಡವಾಗುತ್ತದೆ ಎನ್ನುವಿರಿ. ಆಗಲಿ, ಕಾಯುತ್ತೇವೆ. ಅಲ್ಲಿಯವರೆಗೆ ನಮ್ಮ ಶೆಡ್ಡಿನ ಬೀಗ ತೆಗೆಯಿರಿ. ತೆಗೆಯಲಾಗದು, ನಿಯಮ ನಿಯಮವೇ ಎನ್ನುವುದಾದರೆ, ಅಂಥದ್ದೇ ಇನ್ನೊಂದು ಬೀಗ ತರಿಸಿ ನಿಮ್ಮ ಡ್ರಾಯರಿಗೂ ಹಾಕಿ. ನಿಮ್ಮ ಅಪರಾಧವೂ ನನ್ನ ಅಪರಾಧವೂ ಒಂದೇ. ವ್ಯತ್ಯಾಸವೆಂದರೆ, ಊದುವ ಮುನ್ನ ನಾನು ಯಾರಿಗೋ ಒಳ್ಳೆಯದನ್ನು ಕೋರಿದ್ದೆ.

ಇಂತಿ,
ನಿಮ್ಮ ಕೋಣೆಯ ಕರೆಂಟು ಮತ್ತೆ ಹೋಗದಿರಲಿ ಎಂದು ಬೇಡಿಕೊಳ್ಳುವ,
ಬೀಗದ ಹೊರಗಿನ ಮೇಣದ ಬತ್ತಿಯವಳು