ಸರಸಮ್ಮನವರು ಬಂದಿಲ್ಲ

ಮಳವಳ್ಳಿ
ತಾ. 3-12-1936, ಗುರುವಾರ

ಚಿ. ಸೌ. ಗೋದಾಳಿಗೆ,

ಅಪ್ಪ ಮಾಡುವ ಆಶೀರ್ವಾದ. ಬಲಗೈ ಹೆಬ್ಬೆರಳೊಂದನ್ನು ಬಿಟ್ಟರೆ ನಾನು ಪೂರ್ತಿ ಕ್ಷೇಮ. ಅದು ಬಿಸಿನೀರಿಗೆ ಸುಟ್ಟಿದೆ, ಬಟ್ಟೆ ಸುತ್ತಿದ್ದೇನೆ, ಅದಕ್ಕೇ ಅಕ್ಷರ ಸೊಟ್ಟ. ಇಪ್ಪತ್ತನಾಲ್ಕು ವರ್ಷ ಊರ ಮಕ್ಕಳ ಕಾಪಿ ತಿದ್ದಿದ ಮೇಷ್ಟ್ರು ಹೀಗೆ ಬರೆಯುವುದೇ ಎಂದು ನಗಬೇಡ. ನಗಲೇಬೇಕಾದರೆ ಮಗು ಏಳದ ಹಾಗೆ ನಗು.

ನಿನ್ನ ಕಾಗದವನ್ನು ಬಸ್ಸಿನ ನಯಾಜ್ ಪಾಷಾ ನಿನ್ನೆ ಸಾಯಂಕಾಲ ಸ್ಕೂಲಿಗೇ ತಂದುಕೊಟ್ಟ. ಮಗು ಹಾಲು ಕಕ್ಕುತ್ತದೆ, ಹಗಲೆಲ್ಲ ಮಲಗಿ ಕತ್ತಲಾದ ಮೇಲೆ ಕಣ್ಣು ಬಿಡುತ್ತದೆ, ನಿನಗೆ ಸುಮ್ಮಸುಮ್ಮನೆ ಅಳು ಬರುತ್ತದೆ ಎಂದು ಬರೆದಿದ್ದೀಯೆ. ಮುಂದಿನ ಬುಧವಾರ ನಿನ್ನನ್ನು ಕಳಿಸಲು ಅತ್ತೆಯವರು ಒಪ್ಪಿದ್ದಾರೆ ಎಂದೂ ಬರೆದಿದ್ದೀಯೆ. ಆ ಸಾಲನ್ನು ನಾನು ನಾಲ್ಕು ಸಲ ಓದಿದೆ. ಅದರ ಕೆಳಗೆ ಒಂದು ಪ್ರಶ್ನೆ ಕೇಳಿದ್ದೀಯೆ: ಬಾಣಂತನ ಮಾಡಲು ನಮ್ಮ ಮನೆಗೆ ಬಂದಿರುವ ಸರಸಮ್ಮನವರು ಯಾರು, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲವಲ್ಲ ಎಂದು.

ನೆನಪಾಗುವುದು ಹೇಗಮ್ಮ? ಅಂಥವರು ಯಾರೂ ಇಲ್ಲ.

ಇಲ್ಲಿಂದ ಮುಂದಕ್ಕೆ ಒಬ್ಬಳೇ ಕೂತು ಓದು. ನಾನು ನಿನ್ನ ಅತ್ತೆ ಪಂಕಜಮ್ಮನವರಿಗೆ ಸುಳ್ಳು ಬರೆದೆ. ದೂರದ ಸಂಬಂಧದ ಸರಸಮ್ಮನವರು ಬಂದಿದ್ದಾರೆ, ಏಳು ಬಾಣಂತನ ಮಾಡಿದ ಕೈ, ಹುಡುಗಿಯನ್ನು ಧೈರ್ಯವಾಗಿ ಕಳಿಸಿಕೊಡಿ ಎಂದು ಒಂದೂವರೆ ಪುಟ ಬರೆದೆ. ಏಳು ಎಂದು ಯಾಕೆ ಬರೆದೆನೋ ಗೊತ್ತಿಲ್ಲ. ಐದು ಎಂದರೆ ಕಡಿಮೆ ಅನ್ನಿಸಿತು, ಹತ್ತು ಎಂದರೆ ಅವರು ನಂಬಲಾರರು ಅನ್ನಿಸಿತು. ಬಾಣಂತನ ಮಾಡುವವನು ನಾನೇ. ಇದನ್ನು ಕೇಳಿ ನಿನಗೆ ಭಯವಾದರೆ ಬರಬೇಡ. ಸರಸಮ್ಮನವರಿಗೆ ಊರಿನಿಂದ ಕರೆ ಬಂತಂತೆ, ಹೊರಟುಹೋದರಂತೆ ಎಂದುಬಿಡು. ಆದರೆ ತೀರ್ಮಾನ ಮಾಡುವ ಮೊದಲು ನಾನು ಏನೇನು ಕಲಿತಿದ್ದೇನೆ ಎಂಬುದನ್ನು ಓದಿ ಮುಗಿಸು.

ನಾಮಕರಣದ ದಿನ ನಿನಗೆ ನೆನಪಿರಬೇಕು. ಅಷ್ಟು ಜನರ ಮುಂದೆ ನಿನ್ನ ಅತ್ತೆ, "ಮೇಷ್ಟ್ರೇ, ನಿಮ್ಮ ಮನೇಲಿ ಒಂದು ಬೆಕ್ಕಿಗೂ ಬಾಣಂತನ ಮಾಡೋರಿಲ್ಲ, ನಾನು ಯಾವ ಧೈರ್ಯದ ಮೇಲೆ ಕಳಿಸ್ಲಿ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ಮಾತಿನಲ್ಲಿ ತಪ್ಪಿಲ್ಲ. ಆ ಮಂಡಿನೋವು ಇಟ್ಟುಕೊಂಡು ಹೆರಿಗೆಯನ್ನೂ ಅವರೇ ನೋಡಿಕೊಂಡರು, ಅದು ನಾವು ಮಾಡಬೇಕಾಗಿದ್ದ ಕೆಲಸ. ಆದರೆ ನೀನು ಕೋಣೆಯ ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡಿದ್ದನ್ನು ನಾನು ನೋಡಿದೆ. ವಾಪಸು ಬರುವಾಗ ಮದ್ದೂರಿನಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು, ನಾನು ಕೆಳಗೂ ಇಳಿಯಲಿಲ್ಲ. ಓದಿ ಕಲಿಯಬಹುದಾದದ್ದನ್ನೆಲ್ಲ ಓದಿ ಕಲಿತಿದ್ದೇನೆ, ಇದೊಂದು ನನ್ನಿಂದ ಆಗದೇ ಎಂದು ಹಟ ಹುಟ್ಟಿತು.

ನಮ್ಮ ಹಿಂದಿನ ಬೀದಿಯ ಚಿಕ್ಕಬೋರಮ್ಮನನ್ನು ನೀನು ಬಲ್ಲೆ. ಈ ಊರಿನ ಅರ್ಧ ಮಕ್ಕಳು ಮೊದಲು ಬಿದ್ದದ್ದು ಅವಳ ಕೈಗೆ. ಅವಳ ಮಗಳೂ ಈಗ ಬಾಣಂತಿ, ಮೊಮ್ಮಗನಿಗೆ ಎರಡು ತಿಂಗಳು. ತಾತನ ಹೆಸರೆಂದು ಅಂಗೈಯಷ್ಟು ಮಗುವಿಗೆ ಜವರಯ್ಯ ಎಂದು ಇಟ್ಟಿದ್ದಾರೆ. ನಾಮಕರಣ ಮುಗಿಸಿ ಬಂದ ಮಾರನೆಯ ಬೆಳಗ್ಗೆ ನೋಟುಪುಸ್ತಕ, ಸೀಸದಕಡ್ಡಿ ಹಿಡಿದು ಅವಳ ಮನೆಗೆ ಹೋದೆ. ಮಗುವಿಗೆ ಎರೆಯುವ ಕ್ರಮವನ್ನು ಮೊದಲಿನಿಂದ ಹೇಳು, ಬರೆದುಕೊಳ್ಳುತ್ತೇನೆ ಎಂದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬರ್ಕಂಡ್ರೆ ಬತ್ತದಾ ಮೇಷ್ಟ್ರೇ? ಆ ಬುಕ್ಕ ಅತ್ಲಾಗ್ ಮಡುಗಿ. ಬಚ್ಚಲ್‌ಗೆ ಬನ್ನಿ, ಕಾಲ್ ನೀಡ್ಕಂಡ್ ಕೂತ್ಕಳಿ."

ಕೂತೆ. ಅವಳು ಎಣ್ಣೆ ಹಚ್ಚಿದ ಜವರಯ್ಯನನ್ನು ತಂದು ನನ್ನ ನೀಡಿದ ಕಾಲುಗಳ ಮೇಲೆ ಮಲಗಿಸಿದಳು. ಎಷ್ಟು ಜಾರುತ್ತದೆ ಗೊತ್ತೇ ಮಗು! ನಾನು ಉಸಿರು ಬಿಗಿಹಿಡಿದು ಕೂತಿದ್ದು ನೋಡಿ, "ಎದ್ರುಕೋಬ್ಯಾಡಿ, ಕೂಸೇನು ಗಾಜಿಂದಲ್ಲ ಕಣಿ, ನಿಮ್ಗಿಂತ ಗಟ್ಟಿಯಾಗದೆ" ಎಂದಳು. ನೀರು ಹೊಯ್ಯುವಾಗ ಹಣೆಗೆ ಕೈಯನ್ನು ಅಡ್ಡ ಹಿಡಿಯಬೇಕು, ಆಗ ಮೂಗಿಗೆ, ಬಾಯಿಗೆ ಇಳಿಯುವುದಿಲ್ಲ. ಬೋರಲು ಹಾಕಿದಾಗ ಮುಖ ಒಂದು ಪಕ್ಕಕ್ಕೆ ತಿರುಗಿರಬೇಕು. ಬೆನ್ನಿನ ಮೇಲೆ ನೀರು ಬಿದ್ದಾಗ ಮಗುವಿಗೆ ಬಲು ಹಿತ, ಜವರಯ್ಯ ಅಲ್ಲೇ ಆಕಳಿಸಿದ. ನೀರಿನ ಬಿಸಿಯನ್ನು ಮೊಳಕೈಯಿಂದ ನೋಡಬೇಕು. ಅದು ನನಗೆ ಮೊನ್ನೆ ಮರೆತುಹೋಗಿ ಹಂಡೆಗೇ ಹೆಬ್ಬೆರಳು ಅದ್ದಿದೆ.

ಹಾಲು ಕಕ್ಕುವ ವಿಚಾರ ಕೇಳಿದ್ದೀಯಲ್ಲ. ಕುಡಿಸಿದ ಕೂಡಲೇ ಮಲಗಿಸಬೇಡ. ಹೆಗಲ ಮೇಲೆ ಹಾಕಿಕೊಂಡು ಬೆನ್ನು ಸವರುತ್ತ ಓಡಾಡು, ಒಂದು ತೇಗು ಬರುವ ತನಕ. ಎರಡು ಗುಟುಕು ಹೊರಗೆ ಬಂದರೆ ಹೆದರಬೇಕಾಗಿಲ್ಲ, ಮೈ ತುಂಬಿಕೊಳ್ಳುತ್ತಿದ್ದರೆ ಸರಿ. ಅತ್ತಾಗಲೆಲ್ಲ ಹಸಿವೆಂದು ತಿಳಿಯಬಾರದಂತೆ. ಹಸಿದ ಮಗು ತನ್ನ ಮುಷ್ಟಿಯನ್ನು ತಾನೇ ಚೀಪುತ್ತದೆ, ಹೊಟ್ಟೆ ಉಬ್ಬರಿಸಿದರೆ ಕಾಲನ್ನು ಎದೆಗೆ ಎಳೆದುಕೊಳ್ಳುತ್ತದೆ. ಮೂರನೆಯದು ಒಂದಿದೆ, ಅದಕ್ಕೆ ಕಾರಣವೇ ಇಲ್ಲ, ಯಾರಾದರೂ ಎತ್ತಿಕೊಳ್ಳಲಿ ಎಂದು ಅಳುವುದು. ಅದಕ್ಕೆ ಔಷಧ ಹುಡುಕುತ್ತ ಕೂರಬೇಡ, ಎತ್ತಿಕೋ.

ಹಗಲನ್ನೂ ಕತ್ತಲನ್ನೂ ಅದಲು ಬದಲು ಮಾಡಿಕೊಂಡ ಮಗು ಎರಡು ಮೂರು ತಿಂಗಳಿಗೆ ತಾನೇ ಸರಿಹೋಗುತ್ತದಂತೆ. ಅಲ್ಲಿಯ ತನಕ ಅದು ಮಲಗಿದಾಗ ನೀನೂ ಮಲಗಬೇಕು. ಮಲಗಿದಾಗ ಒಂದಿಷ್ಟು ಕೆಲಸ ಮುಗಿಸಿಬಿಡೋಣ ಎಂದು ಏಳುವ ನಿನ್ನ ಬುದ್ಧಿಯನ್ನು ನಾನು ಬಲ್ಲೆ. ಸುಮ್ಮಸುಮ್ಮನೆ ಅಳು ಬರುವುದನ್ನು ಚಿಕ್ಕಬೋರಮ್ಮನಿಗೆ ಹೇಳಿದೆ. "ಹೆತ್ತ ಮೈ ಕಣ್ ಮೇಷ್ಟ್ರೇ, ಅಳ್ಳಿ ಬುಡಿ. ಒಬ್ಳೇ ಕೂತು ಅಳಕ್ಕೆ ಬುಡ್‌ಬ್ಯಾಡಿ, ಅಷ್ಟೇಯ" ಎಂದಳು. ಇದನ್ನು ಓದುತ್ತ ಅತ್ತರೆ ಅತ್ತುಬಿಡು, ಆಮೇಲೆ ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡು ಊಟ ಮಾಡು.

ನಾನೇ ಕಂಡುಹಿಡಿದದ್ದೂ ಒಂದಿದೆ. ಜವರಯ್ಯನನ್ನು ಮಲಗಿಸಿ ಎಂದು ನನ್ನ ತೊಡೆಯ ಮೇಲೆ ಹಾಕಿದರು. ನನಗೆ ಜೋಗುಳ ಯಾವುದೂ ಬರುವುದಿಲ್ಲ. ಬಾಯಿಗೆ ಬಂದದ್ದು ಹದಿಮೂರರ ಮಗ್ಗಿ. ಹದಿಮೂರಾರಲೆ ಎಪ್ಪತ್ತೆಂಟು ಎನ್ನುವಷ್ಟರಲ್ಲಿ ಗೊರಕೆ. ನನ್ನ ತರಗತಿಯಲ್ಲೂ ಸರಿಸುಮಾರು ಅದೇ ಜಾಗದಲ್ಲಿ ಹುಡುಗರು ತೂಕಡಿಸುತ್ತಾರೆ.

ಇನ್ನು ಮಾಡಿದ ತಪ್ಪನ್ನೂ ಹೇಳಬೇಕು. ಮುಚ್ಚಿಟ್ಟರೆ ನೀನು ನಂಬಿ ಬರುವುದಕ್ಕೆ ಅರ್ಥವಿಲ್ಲ. ಎರಡನೆಯ ದಿನ ನಾನು ಸ್ನಾನ ಮಾಡಿ, ಹಿಂಡಿದ ಒದ್ದೆ ಪಂಚೆಯಲ್ಲೇ ಅವಳ ಮನೆಗೆ ಹೋದೆ. ಹೇಗೂ ಮಗುವನ್ನು ಮುಟ್ಟಿದ ಮೇಲೆ ಪೂಜೆಗೆ ಮತ್ತೆ ಸ್ನಾನ ಮಾಡಬೇಕು, ಒಣಗಿದ ಮಡಿಪಂಚೆ ಇನ್ನೊಂದನ್ನು ಯಾಕೆ ಮೈಲಿಗೆ ಮಾಡುವುದು ಎಂಬ ಲೆಕ್ಕ ನನ್ನದು. ಎರೆದಾದ ಮೇಲೆ ಮಗುವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಲ್ಲಿ ಇಟ್ಟರು. ಪಂಚೆಯ ತೇವ ಆ ಬಟ್ಟೆಗೆ ಇಳಿದದ್ದು ನನಗೆ ತಿಳಿಯಲೇ ಇಲ್ಲ. ಸಾಯಂಕಾಲದ ಹೊತ್ತಿಗೆ ಮಗುವಿಗೆ ಮೂಗು ಕಟ್ಟಿ, ಎದೆ ಗೊರಗೊರ ಎನ್ನತೊಡಗಿತು.

ಮೂರು ದಿನ ಗೋದಾ. ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದರೂ ನನ್ನ ಕಿವಿಯಲ್ಲಿ ಆ ಉಸಿರಿನ ಸದ್ದೇ. ಬೆಳಗ್ಗೆ ಸಂಜೆ ಅವರ ಅಂಗಳದಲ್ಲಿ ಹೋಗಿ ನಿಲ್ಲುತ್ತಿದ್ದೆ, ಒಳಗೆ ಹೋಗಲು ಮುಖವಿರಲಿಲ್ಲ. ಡಾಕ್ಟರನ್ನು ನಾನೇ ಕರೆದುಕೊಂಡು ಹೋದೆ. ಮಗುವಿನ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಚಿಕ್ಕಬೋರಮ್ಮ ಇಬ್ಬರ ಪಾಲಿನದನ್ನೂ ಸೇರಿಸಿ ಅಂದಳು.

"ನಿಮ್ ಮಡಿ ನಿಮ್ ದ್ಯಾವ್ರಿಗೆ ಇರ್ಲಿ ಬುಡಿ, ಬ್ಯಾಡ ಅನ್ನಕ್ಕಿಲ್ಲ. ಕೂಸ್ಗೆ ಬೆಚ್ಗಿರೋ ಮೈ ಬೇಕು. ಅದ್ ಆಗ್ದಿದ್ರೆ ನನ್ ಮೊಮ್ಮಗನ್ನ ಮುಟ್‌ಬ್ಯಾಡಿ."

ನಾಲ್ಕನೆಯ ದಿನ ಜವರಯ್ಯ ಮೊದಲಿನಂತೆ ಹಾಲು ಕುಡಿದ. ಅವತ್ತಿನಿಂದ ಒಣಗಿದ, ಬಿಸಿಲಿಗೆ ಕಾದ ಪಂಚೆ ಉಟ್ಟು ಹೋಗುತ್ತೇನೆ. ಬಂದ ಮೇಲೆ ಎರಡನೆಯ ಸ್ನಾನವನ್ನೂ ಬಿಟ್ಟೆ, ಕೈಕಾಲು ತೊಳೆದು ಹಾಗೆಯೇ ದೇವರ ಮುಂದೆ ಕೂರುತ್ತೇನೆ. ಬೀದಿಯಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ. ನಿನ್ನ ಅಜ್ಜಿ ಇದ್ದಿದ್ದರೆ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು. ನನಗೆ ಒಂದಿಷ್ಟೂ ಬೇಸರವಿಲ್ಲ. ಬೆಳ್ಳುಳ್ಳಿ ಕೂಡ ಮನೆಗೆ ಬಂದಿದೆ, ತುಪ್ಪದಲ್ಲಿ ಹುರಿಯುವುದನ್ನು ಕಲಿತಿದ್ದೇನೆ. ನಾಲ್ಕು ತಲೆಮಾರಿನಲ್ಲಿ ನಮ್ಮ ಅಡಿಗೆಮನೆ ಆ ವಾಸನೆ ಕಂಡಿರಲಿಲ್ಲ. ಬಾಣಂತಿಗೆ ಹಾಲು ಹೆಚ್ಚುತ್ತದೆ ಎಂದರೆ ದೇವರಿಗೂ ಅಭ್ಯಂತರವಿರಲಾರದು.

ಮನೆಯನ್ನೂ ಸಿದ್ಧ ಮಾಡಿದ್ದೇನೆ. ನಿನ್ನನ್ನು ಹಿಂದಿನ ಕತ್ತಲೆ ಕೋಣೆಯಲ್ಲಿ ಮಲಗಿಸುವುದಿಲ್ಲ. ಬೆಳಗ್ಗೆಯ ಬಿಸಿಲು ಬೀಳುವ ಮುಂದಿನ ಕೋಣೆಯಲ್ಲಿದ್ದ ನನ್ನ ಪುಸ್ತಕಗಳನ್ನೆಲ್ಲ ಹಿಂದಕ್ಕೆ ಸಾಗಿಸಿ, ಅಲ್ಲಿ ಮಂಚ ಹಾಕಿಸಿದ್ದೇನೆ. ನಿನಗೆ ಎರೆಯಲು ಚಿಕ್ಕಬೋರಮ್ಮ ದಿನಾ ಬರುತ್ತಾಳೆ. ಮಗುವಿಗೆ ಎರೆಯುವವನು ನಾನು. ಮೊದಲ ವಾರ ಅವಳು ಪಕ್ಕದಲ್ಲೇ ನಿಂತಿರುತ್ತಾಳೆ, ಅಷ್ಟು ನಂಬಿಕೆ ನನ್ನ ಮೇಲೆ. ನಯಾಜ್ ಪಾಷಾ ಮುಂದಿನ ಸೀಟನ್ನು ನಿನಗೆಂದೇ ಇಡುತ್ತಾನೆ. "ಮಗು ಅತ್ರೆ ಎಲ್ಲಿ ಬೇಕಾದ್ರೂ ಗಾಡಿ ನಿಲ್ಲಿಸ್ತೀನಿ ಸಾರ್, ಯಾರು ಏನಂತಾರೋ ನೋಡೋಣ" ಎಂದ.

ಅಳಿಯಂದಿರಿಗೂ ಒಂದು ಮಾತು ಹೇಳು. ನಾಮಕರಣದ ದಿನ ಕಸ್ತೂರಿರಂಗ ಕೈ ಹಿಂದಕ್ಕೆ ಕಟ್ಟಿಕೊಂಡು, ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರರಂತೆ ತೊಟ್ಟಿಲನ್ನು ಬಗ್ಗಿ ನೋಡುತ್ತಿದ್ದರು. ಸಕ್ಕರೆ ಕಾರ್ಖಾನೆಯಿಂದ ಬಂದ ಮೇಲೆ ಕೈ ತೊಳೆದು ಮಗುವನ್ನು ಎತ್ತಿಕೊಳ್ಳಲಿ. ಕತ್ತಿನ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ, ಅಷ್ಟೇ ವಿದ್ಯೆ. ಇನ್ನೂ ಚಿಕ್ಕದು, ಕತ್ತು ನಿಲ್ಲಲಿ, ಆಮೇಲೆ ಎತ್ತಿಕೊಳ್ಳುತ್ತೇನೆ ಎಂದರೆ ಕೇಳಬೇಡ. ನಾನು ನಿನ್ನನ್ನು ಎತ್ತಿಕೊಂಡದ್ದು ನಿನಗೆ ಹತ್ತು ತಿಂಗಳು ತುಂಬಿದ ಮೇಲೆ. ಅಜ್ಜಿ ನೋಡಿಕೊಳ್ಳುತ್ತಿದ್ದರು, ನನಗೆ ಸ್ಕೂಲಿನ ಕೆಲಸ ಹೆಚ್ಚಿತ್ತು ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಮಂಗಳವಾರದೊಳಗೆ ನಯಾಜ್ ಪಾಷಾನ ಕೈಯಲ್ಲಿ ಒಂದು ಸಾಲು ಬರೆದು ಕಳಿಸು. ಭಯವಾದರೆ ಭಯವೆಂದೇ ಬರೆ, ಅಪ್ಪನಿಗೆ ನೋವಾದೀತು ಎಂದು ಸುತ್ತಿ ಬಳಸಬೇಡ. ಮಗುವಿನ ತಾಯಿ ನೀನು. ನನ್ನ ಹಟಕ್ಕಿಂತ ನಿನ್ನ ಮಾತು ದೊಡ್ಡದು. ಬಂದರೆ ಮಾತ್ರ ನನ್ನ ಮನೆಯಲ್ಲಿ ಹಬ್ಬ.

ಮಗುವಿಗೆ ಮುತ್ತು. ನಿನ್ನ ಅತ್ತೆಯವರಿಗೆ ನನ್ನ ನಮಸ್ಕಾರ, ಅವರಿಗೆ ನಿಜ ಹೇಳುವ ಕೆಲಸ ನನ್ನದೇ ಇರಲಿ.

ಇಂತು,
ನಿನ್ನ ದಾರಿ ನೋಡುತ್ತಿರುವ ಅಪ್ಪ
ರಾಮಾನುಜ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದವನು ಮತ್ತೆ ಹೊರಗೆ ತೆಗೆದೆ. ನಿನ್ನ ಅಮ್ಮ ನೀನು ಹುಟ್ಟಿದ ಒಂಬತ್ತನೆಯ ದಿನ ಜ್ವರ ಬಂದು ಹೋದಳು ಎಂದಷ್ಟೇ ನಿನಗೆ ಹೇಳಿದ್ದೇನೆ. ಎಂಟನೆಯ ದಿನ ಸಾಯಂಕಾಲ ಅವಳು ಆ ಹಿಂದಿನ ಕೋಣೆಯ ಒಳಗಿಂದ ನನ್ನನ್ನು ಕರೆದಳು. ಮೈ ಸುಡುತ್ತಿದೆ, ಕೈಯಲ್ಲಿ ಶಕ್ತಿಯಿಲ್ಲ, ಮಗುವನ್ನು ಒಂದು ಗಳಿಗೆ ಎತ್ತಿಕೊಳ್ಳುತ್ತೀರಾ ಎಂದು ಕೇಳಿದಳು. ಹತ್ತು ದಿನದ ಪುರುಡು ಕಳೆಯದೆ ಮುಟ್ಟಬಾರದೆಂದು ನಾನು ಹೊಸಿಲಿನ ಈಚೆಗೇ ನಿಂತು, ಇನ್ನು ಎರಡೇ ದಿನ, ತಾಳಿಕೋ ಎಂದೆ. ಆಗಲಿ ಎಂದಳು. ಮತ್ತೆ ಕೇಳಲಿಲ್ಲ. ಅವಳು ಹೋದ ಮೇಲೆ ನಿನ್ನ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ, ಸ್ಕೂಲಿನ ಕೆಲಸ ಎಂದದ್ದು ಸುಳ್ಳು. ನೀನು ಮಳವಳ್ಳಿಗೆ ಬಂದರೂ ಬಾರದಿದ್ದರೂ ಬುಧವಾರ ನಾನು ಮಂಡ್ಯಕ್ಕೆ ಬರುತ್ತೇನೆ. ಬಾಗಿಲು ತೆಗೆದ ಕೂಡಲೇ ಮಗುವನ್ನು ನನ್ನ ಕೈಗೆ ಕೊಡು.