ಲ್ಯಾಬಿನಲ್ಲಿ ನಡೆದದ್ದು

ಶಿವಮೊಗ್ಗ, ೨೦೦೮

ಅಮ್ಮಾ,

ಭದ್ರಾವತಿಯಲ್ಲಿ ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ತಿಳಿಸುತ್ತೇನೆ. ನಿನ್ನೆ ನಿನ್ನ ಅಳಿಯ ಕಬ್ಬಿಣದ ರಾಡ್ ಹಿಡಿದು ನಮ್ಮ ಲ್ಯಾಬಿಗೆ ನುಗ್ಗಿದ. ಶಾಯಿಯನ್ನು ಮಂಜಿನಂತೆ ಸಿಂಪಡಿಸಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸರ್ಕ್ಯೂಟ್ ಮುದ್ರಿಸುವ ಯಂತ್ರವನ್ನು ಒಡೆದ. “ಸಂಸಾರಕ್ಕಿಂತ ಇದು ಹೆಚ್ಚಾ ನಿಂಗೆ?” ಎಂದು ಕೂಗುತ್ತಾ, ಅಡ್ಡ ಹೋದ ನನ್ನ ಎಡಗೈ ಮುರಿದ.

ಆಮೇಲೆ ನನ್ನ ಜೊತೆ ಕೆಲಸ ಮಾಡುವ ಆಯೆಷಾಳ ತಲೆಗೆ ರಾಡ್ ಎತ್ತಿದ. ನಾನು ಗ್ಯಾಸ್ ಸಿಲಿಂಡರಿನ ಸ್ಪ್ಯಾನರ್ ತೆಗೆದು ಅವನ ಮುಖಕ್ಕೆ ಹೊಡೆದೆ. ಅವನ ಒಂದು ಕಣ್ಣು ಹೋಗಿದೆ.

ಪೊಲೀಸರಿಗೆ ಎಲ್ಲವನ್ನೂ ಹೇಳಿದ್ದೇನೆ. “ಹೊಂದ್ಕೊಂಡು ಹೋಗೇ ಮಾರಾಯ್ತಿ” ಎನ್ನುವುದಕ್ಕಾದರೆ ನೀನು ಬರಬೇಡ. ಸುಮ್ಮನೆ ನೋಡಲು ಬರುವುದಾದರೆ, ಪ್ಲಾಸ್ಟರ್ ಹಾಕಿದ ಕೈ ತೂರುವಂಥ ಅಗಲ ತೋಳಿನ ಚೂಡಿದಾರ್ ತಾ. ಸೋಮವಾರದಿಂದ ಕೆಲಸಕ್ಕೆ ಹೋಗುತ್ತೇನೆ.

ನಿನ್ನ ಮಗಳು,
ಸ್ಫೂರ್ತಿ