ನಮ್ದಲ್ಲ ಬುದ್ಧಿ

ನಂಜನಗೂಡು
೧೨ ಫೆಬ್ರವರಿ ೧೯೧೧, ಭಾನುವಾರ

ತಾಯಿಯ ಸಮಾನಳಾದ ಸುಂದರಕ್ಕನಿಗೆ ತಮ್ಮ ಬದರಿಯ ನಮಸ್ಕಾರಗಳು.

ನಾನು ಇಲ್ಲಿ ಆರೋಗ್ಯವಾಗಿದ್ದೇನೆ. ತಿರುಮಕೂಡಲಿನಲ್ಲಿ ನೀನೂ ಭಾವನೂ ಮಕ್ಕಳೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳನ್ನು ತಿಂದು ಮುಗಿಸಿ ಎಷ್ಟೋ ದಿನವಾಯಿತು. ತಲುಪಿತೆಂದು ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸು. ಸ್ಕೂಲಿನ ಪಾಠದ ಜೊತೆಗೆ ಖಾನೇಸುಮಾರಿಯ ಕೆಲಸವೂ ಈಗ ಕೊರಳಿಗೆ ಬಿದ್ದಿದೆ. ಸೀಮೆಯ ಜನರನ್ನೆಲ್ಲ ಎಣಿಸುತ್ತಾರಲ್ಲ, ಅದೇ. ಶಾನುಭೋಗರು ಬರೆದುಕೊಂಡದ್ದು ಸರಿಯಾಗಿದೆಯೇ ಎಂದು ಕೆಲವು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ವಿಚಾರಿಸುವುದು ನನ್ನ ಪಾಲಿಗೆ ಬಂದಿದೆ.

ಹೊಸಬರ ಮುಂದೆ ನನಗೆ ಬಾಯಿ ಬರುವುದಿಲ್ಲವೆಂದು ನಿನಗೆ ಗೊತ್ತು. ಆದರೆ ಭಾಷೆಯ ಧೈರ್ಯವೊಂದಿತ್ತು. ಬಿ.ಎ.ಗೆ ಕನ್ನಡದಲ್ಲಿ ಮೊದಲನೆಯವನಾಗಿ ಬಂದವನು, ಹಳಗನ್ನಡದ ಕಾವ್ಯವನ್ನು ಟೀಕೆಯಿಲ್ಲದೆ ಓದುವವನು, ಹಳ್ಳಿಯವರ ಮಾತಿಗೆ ಹೆದರಬೇಕೆ? ಹಕಾರ ನುಂಗುತ್ತಾರೆ, ಪದಗಳ ಬಾಲ ಕತ್ತರಿಸುತ್ತಾರೆ, ಸ್ವಾಮಿ ಎನ್ನುವ ಕಡೆ ಬುದ್ಧಿ ಎನ್ನುತ್ತಾರೆ, ಅಷ್ಟೆ. ಬೇಗನೆ ಕಿವಿ ಪಳಗಿತು. ಈಗ ಅವರು ಆಡುವ ಒಂದು ಮಾತೂ ನನ್ನಿಂದ ತಪ್ಪಿಸಿಕೊಳ್ಳಲಾರದು.

ಹಾಗೆ ತಪ್ಪಿಸಿಕೊಳ್ಳದ ಒಂದು ಮಾತಿನಿಂದಲೇ ಈಗ ನನ್ನ ಮನಸ್ಸು ಕೆಟ್ಟಿದೆ. ಹೆಮ್ಮರಗಾಲದಲ್ಲಿ ಮಾದಯ್ಯ ಎಂಬ ಒಕ್ಕಲಿನವನಿದ್ದಾನೆ. ಅನುಕೂಲಸ್ಥ. ಹೆಂಚಿನ ಮನೆ, ಕೊಟ್ಟಿಗೆಯ ತುಂಬ ದನ. ಆ ಮನೆಯ ಜಗಲಿಯ ಕೆಳಗೆ ಆರು ವರ್ಷದ ಹುಡುಗನೊಬ್ಬ ಕೂತಿದ್ದ. ಮೈಮೇಲೆ ಒಂದಕ್ಕೊಂದು ಹೊಂದದ ಹಳೆಯ ಚಿಂದಿಗಳನ್ನು ಕೂಡಿಸಿ ಹೊಲಿದ ಅಂಗಿ. ಕೆನ್ನೆಗೆ ಮಸಿ. ಗಂಡುಹುಡುಗನಾದರೂ ಮೂಗು ಚುಚ್ಚಿಸಿದ್ದರು. ಒಳಗಿನಿಂದ ಬಂದ ಮಾದಯ್ಯನ ಹೆಂಡತಿ ಚಿಕ್ಕಬಸಮ್ಮನ ಸೀರೆ ಮಾತ್ರ ಒಳ್ಳೆಯ ನೇಯ್ಗೆಯದು.

“ಇವನು ನಿನ್ನ ಮಗನೇನಮ್ಮ?” ಎಂದೆ.

“ನಮ್ದಲ್ಲ ಬುದ್ಧಿ.”

“ಮತ್ತೆ ಯಾರ ಮಗು?”

“ಯಾರ್ದೋ. ತೌಡ್ ಕೊಟ್ಟು ತಕಂಡೋ. ಇದ್ರೆ ಇರ್ತದೆ, ಓದ್ರೆ ಓಯ್ತದೆ.”

ಹೆಸರು ಕೇಳಿದೆ. ತಿಪ್ಪ ಎಂದಳು. ಮನೆಯ ಕಸ ಹಾಕುವ ಜಾಗದ ಹೆಸರನ್ನು ಮಗುವಿಗೆ ಇಟ್ಟಿದ್ದಾರೆ, ಅಕ್ಕ! ಯಾರ ಹತ್ತಿರ ಕೊಂಡಿರಿ ಎಂದು ಕೇಳಿದ್ದೇ ತಡ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾದಯ್ಯ ನನ್ನ ಮುಖ ನೋಡದೆ ಎತ್ತಿನ ಕೊಂಬು ಸವರುತ್ತ, “ನಿಮ್ಗ್ ತಿಳ್ದಂಗ್ ಬರ್ಕಳಿ ಬುದ್ಧಿ” ಎಂದ. ಪಕ್ಕದ ಮನೆಯ ಮುದುಕಿ ಕೆಂಪಾಜಮ್ಮನನ್ನು ವಿಚಾರಿಸಿದರೆ, “ತಲೆ ಎಣ್ಸಾಕ್ ಬಂದೋರು ತಲೆ ಎಣ್ಸ್ಕಂಡ್ ಓಗಿ ಬುದ್ಧಿ. ತಲೆ ಒಳ್ಗಿರೋದ್ ನಿಮ್ಗ್ಯಾಕೆ?” ಎಂದು ಎಲೆಯಡಿಕೆ ಉಗಿದಳು.

ಒಂದು ಬೀದಿಗೆ ಬೀದಿಯೇ ಮುಚ್ಚಿಡುವಂಥದ್ದು ಏನಿದ್ದೀತು? ನಿಮ್ಮೂರ ಸಂಗಮದಲ್ಲಿ ಮಾಘಸ್ನಾನಕ್ಕೆ ಬಂದ ಕೊಯಮತ್ತೂರಿನ ಕಡೆಯವರ ಕೂಸು ಜನರ ನಡುವೆ ಕಾಣೆಯಾದ ಸಂಗತಿಯನ್ನು ಭಾವ ಹೇಳಿದ್ದು ನೆನಪಾಯಿತು. ಅದು ಯಾವ ವರ್ಷವೆಂದು ಅವರನ್ನು ಕೇಳಿ ಬರೆ. ಆ ಕೂಸು ಬದುಕಿದ್ದರೆ ಇವನಷ್ಟೇ ಆಗಿರಬೇಕು.

ಮಕ್ಕಳಿಗೆ ನನ್ನ ಆಶೀರ್ವಾದ.
ನಿನ್ನ ಬದರಿ


ನಂಜನಗೂಡು
೨೦ ಫೆಬ್ರವರಿ ೧೯೧೧

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ಬಂತು. ನಾನು ಕೇಳಿದ ವರ್ಷವನ್ನು ನೀನು ಬರೆಯಲಿಲ್ಲ. “ಆ ಹೆಂಗಸನ್ನು ಇನ್ನೇನೂ ಕೇಳಬೇಡ. ಕಾರಣ ಕಾಗದದಲ್ಲಿ ಬರೆಯುವಂಥದ್ದಲ್ಲ, ಇಲ್ಲಿಗೆ ಬಂದಾಗ ಹೇಳುತ್ತೇನೆ” ಎಂದಷ್ಟೇ ಬರೆದಿದ್ದೀಯೆ. ಸಿಟ್ಟಾಗಬೇಡ, ಅದನ್ನು ಓದಿ ನಿನ್ನ ಮೇಲೂ ನನಗೆ ಅನುಮಾನ ಬಂತು. ಆ ಕೂಸಿನ ವಿಷಯ ನಿಮ್ಮ ಬೀದಿಯವರಿಗೂ ಗೊತ್ತಿದೆಯೇ?

ನಾನು ಮತ್ತೆ ಹೋದೆ. ಲೆಕ್ಕ ಸರಿಹೋಗಲಿಲ್ಲವೆಂದು ಸುಳ್ಳು ಹೇಳಿ ಎದುರು ಮನೆಯ ಜಗಲಿಯ ಮೇಲೆ ಕೂತು ನೋಡುತ್ತಿದ್ದೆ. ಚಿಕ್ಕಬಸಮ್ಮ ಬಾಗಿಲಿಂದ ಬಾಗಿಲಿಗೆ ಹೋಗಿ ಹುಡುಗನಿಗೆಂದು ಹಳೆಯ ಬಟ್ಟೆ ಬೇಡಿ ತಂದಳು. ಕೊಟ್ಟಿಗೆಯ ತುಂಬ ದನವಿರುವ ಮನೆಯವಳು! ಹುಡುಗ ಅವಳನ್ನು ಅವ್ವ ಎನ್ನುವುದಿಲ್ಲ, ಚಿಕ್ಕವ್ವ ಎನ್ನುತ್ತಾನೆ. ಆಡುತ್ತ ಕಲ್ಲಿನ ಮೇಲೆ ಬಿದ್ದ. ಮಂಡಿ ಒಡೆದು ರಕ್ತ ಬಂತು. ಅವಳು ಒಂದು ಹೆಜ್ಜೆ ಇಟ್ಟವಳು ಅಲ್ಲೇ ನಿಂತು, “ಕೆಂಪಾಜಮ್ಮೋ, ಬಿದ್ದದೆ ನೋಡು ನಿಂದು” ಎಂದು ಕೂಗಿದಳು. ಮುದುಕಿ ಬಂದು ಎತ್ತಿಕೊಳ್ಳುವವರೆಗೆ ಮಗು ಮಣ್ಣಿನಲ್ಲಿ ಅಳುತ್ತಿತ್ತು. ಹೆತ್ತವಳಾದರೆ ಹಾಗೆ ನಿಲ್ಲುತ್ತಿದ್ದಳೆ?

ಇಲ್ಲಿನ ಒಬ್ಬ ಹಿರಿಯ ಅಧಿಕಾರಿಗಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅವರ ಹೆಸರು ಇಲ್ಲಿ ಬೇಡ. “ಮಗುವನ್ನು ಕೊಳ್ಳುವುದೆಂದರೆ ಸಣ್ಣ ಆಪಾದನೆಯಲ್ಲ. ಅವಳ ಮಾತು ನಿಮಗೆ ಸರಿಯಾಗಿ ತಿಳಿದಿದೆ ತಾನೆ?” ಎಂದು ಕೇಳಿದರು.

“ಕನ್ನಡ ನನ್ನ ವಿಷಯ ಸ್ವಾಮಿ” ಎಂದೆ. ದೊಡ್ಡವರೊಬ್ಬರ ಮುಂದೆ ನನ್ನ ದನಿ ನಡುಗದೆ ಬಂದದ್ದು ಅದೇ ಮೊದಲು.

ಅವರು ತಾವೇ ಬಂದು ವಿಚಾರಣೆ ಮಾಡುವುದಾಗಿ ಹೇಳಿದ್ದಾರೆ. ಆ ಮಗು ತನ್ನವರನ್ನು ಸೇರಿದ ದಿನ ನೀನೇ ನನ್ನನ್ನು ಮೆಚ್ಚುತ್ತೀಯೆ.

ಬದರಿ


ನಂಜನಗೂಡು
೧೨ ಮಾರ್ಚಿ ೧೯೧೧, ಭಾನುವಾರ

ಅಕ್ಕ,

ಬರೆಯಲು ಕೂತು ಕೂತು ಎದ್ದಿದ್ದೇನೆ. ಎಣಿಕೆಯ ಕೆಲಸ ಮುಗಿಯಿತು. ಇನ್ನು ತಡಮಾಡಲು ನೆಪವಿಲ್ಲ.

ವಿಚಾರಣೆ ನಡೆದದ್ದು ಹೆಮ್ಮರಗಾಲದ ಪಟೇಲ ಚಾಮಯ್ಯನ ಮನೆಯ ಮುಂದೆ. ಅಧಿಕಾರಿಗಳು ಕುರ್ಚಿಯಲ್ಲಿ, ನಾನು ಅವರ ಹಿಂದೆ. ಊರಿಗೆ ಊರೇ ಸೇರಿತ್ತು. ಮಗು ಯಾರದೆಂದು ಅವರು ಕೇಳಿದರು. ಚಿಕ್ಕಬಸಮ್ಮ ನನಗೆ ಹೇಳಿದ್ದನ್ನೇ ಹೇಳಿದಳು: “ನಮ್ದಲ್ಲ ಬುದ್ಧಿ.” ಸುಳ್ಳು ಹೇಳುವವಳ ಮುಖವಾಗಿರಲಿಲ್ಲ ಅದು. ನಾನು ಅಧಿಕಾರಿಗಳ ಕಿವಿಯಲ್ಲಿ, “ಕೇಳಿದಿರಾ?” ಎಂದೆ.

“ನಿಮ್ಮದಲ್ಲದಿದ್ದರೆ ನಿಮ್ಮಲ್ಲಿ ಬಿಡುವಂತಿಲ್ಲ. ಮೈಸೂರಿಗೆ ಕರೆದುಕೊಂಡು ಹೋಗುತ್ತೇವೆ” ಎಂದರು ಅವರು. ಜವಾನ ಹುಡುಗನನ್ನು ಎತ್ತಿ ಗಾಡಿಯಲ್ಲಿ ಕೂರಿಸಿದ. ಹುಡುಗನಿಗೆ ಗಾಡಿ ಹತ್ತಿದ ಖುಷಿ. ಮಾದಯ್ಯ ಹೆಂಡತಿಯ ಕಡೆ ನೋಡಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಗಾಡಿಯವನು ಎತ್ತಿನ ಹಗ್ಗಕ್ಕೆ ಕೈ ಹಾಕಿದ.

“ನಂದು” ಎಂದಳು. ಮೊದಲು ಸರಿಯಾಗಿ ಕೇಳಿಸಲಿಲ್ಲ. ಆಮೇಲೆ ಕೂಗಿದಳು. “ನಂದು ಬುದ್ಧಿ! ನನ್ ಒಟ್ಟೇಲಿ ಉಟ್ಟಿದ್ದು. ನನ್ ಮಗ!”

ಸೇರಿದ್ದ ಹೆಂಗಸರು ಕಿವಿ ಮುಚ್ಚಿಕೊಂಡರು, ಅಕ್ಕ. ಯಾರೋ ಕಾಪಾಡೆಂದು ದೇವರು ನಂಜುಂಡಪ್ಪನನ್ನು ಕರೆದರು. ಕೆಂಪಾಜಮ್ಮ ಮಾತ್ರ ಕೋಲೂರಿಕೊಂಡು ನೇರವಾಗಿ ನನ್ನ ಮುಂದೆ ಬಂದು ನಿಂತಳು.

“ಈಗ್ ತಣ್ಣಗಾಯ್ತಾ ಬುದ್ಧಿ? ಇದ್ಕೆ ಮುಂಚೆ ಉಟ್ಟಿದ್ನೆಲ್ಲಾ ಮಣ್ಗಾಕವ್ಳೆ ಇವ್ಳು. ಒಂದೂ ಉಳೀನಿಲ್ಲ. ಇದ್ ಉಟ್ಟಾಗ ತಿಪ್ಪೆ ಮ್ಯಾಲೆ ಮಲಗ್ಸುದೊ. ನಾನ್ ಎತ್ಕಂಡೆ. ಒಂದ್ ಮೊರ ತೌಡ್ ಕೊಟ್ಟು ನನ್ ತಾವಿಂದ ಈಸ್ಕಂಡ್ಳು. ನಮ್ದು ಅಂದ್ರೆ ಸಾವ್ಗೆ ಕೇಳಿಸ್ಬುಡ್ತದೆ ಅಂತ ಒಂದ್ ದಿನಾನೂ ಮಗಾ ಅನ್ನಾಕಿಲ್ಲ. ಬರೋ ದೀವಳ್ಗೆಗೆ ಏಳ್ ತುಂಬ್ತಿತ್ತು. ನಂಜುಂಡಪ್ಪನ ತಾವ ಮುಡಿ ಕೊಟ್ಟು, ಆಮ್ಯಾಕೆ ಬಾಯ್ತುಂಬಾ ಕರ್ಯೋಳು. ಅಷ್ಟ್ ದಿನದಿಂದ ಕಚ್ಕಂಡಿದ್ ಬಾಯ ಬಿಡಿಸ್ಬುಟ್ರಲ್ಲ! ಓದ್ದೋರಂತೆ ಓದ್ದೋರು. ನಿಮ್ ಮನೇಲಿ ಮಕ್ಳು ಸಾಯಾಕಿಲ್ವಾ?”

ಅಧಿಕಾರಿಗಳು ಎದ್ದು ನಿಂತು ಹುಡುಗನನ್ನು ಇಳಿಸಲು ಹೇಳಿದರು. ಹುಡುಗ ಇಳಿದು ಅವಳ ಹತ್ತಿರ ಹೋದ. ಎಲ್ಲರಿಗೂ ಕೇಳಿಸುವ ಹಾಗೆ, “ಚಿಕ್ಕವ್ವ, ನಾನ್ ನಿಂದಾ?” ಎಂದ. ಅವಳು ಯಾರೋ ನೋಡಿಬಿಡುತ್ತಾರೆ ಎಂಬಂತೆ ಸೆರಗಿನಿಂದ ಅವನ ಮುಖ ಮುಚ್ಚಿ ಎತ್ತಿಕೊಂಡು ಓಡಿದಳು. ಅವಳು ಅವನನ್ನು ಎತ್ತಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ವಾಪಸು ಬರುವಾಗ ಅಧಿಕಾರಿಗಳು ಊರು ದಾಟಿದ ಮೇಲೆ, “ಕನ್ನಡ ನಿಮ್ಮ ವಿಷಯ ಅಂದಿರಿ” ಎಂದರು. ಬೇರೆ ಬೈಗುಳ ಬೇಕಿರಲಿಲ್ಲ. ಅವಳು ಆಡಿದ ಒಂದೊಂದು ಪದವೂ ನನಗೆ ಗೊತ್ತಿತ್ತು, ಅಕ್ಕ. ಯಾವ ಪಂಡಿತರನ್ನು ಕೇಳಿದರೂ ನಾನು ಮಾಡಿದ ಅರ್ಥವನ್ನೇ ಹೇಳುತ್ತಿದ್ದರು. ಆದರೆ ಆ ಬೀದಿಯಲ್ಲಿ ಅದು ನನ್ನ ಹೊರತು ಮಿಕ್ಕವರಿಗೆಲ್ಲ ತಿಳಿಯುತ್ತಿದ್ದ ಭಾಷೆ. ನೀನು ಕಾಗದದಲ್ಲಿ ಬರೆಯಲು ಯಾಕೆ ಹಿಂಜರಿದೆಯೆಂದು ಈಗ ತಿಳಿಯಿತು. ನಿನ್ನನ್ನು ಅನುಮಾನಿಸಿದ್ದಕ್ಕೆ ಕ್ಷಮಿಸು.

ಇಂಥ ನಂಬಿಕೆಗಳನ್ನು ನಾನು ನಂಬುವವನಲ್ಲ. ಒಂದು ಮಾತು ಆಡಿದ್ದಕ್ಕೆ ಮಗು ಸಾಯುವುದಿಲ್ಲ. ಆದರೂ ಪ್ರತಿ ಸೋಮವಾರ ದೇವಸ್ಥಾನಕ್ಕೆ ಬರುವ ಹೆಮ್ಮರಗಾಲದವರನ್ನು ಹುಡುಕಿಕೊಂಡು ಹೋಗುತ್ತೇನೆ. ಅವರು ನನ್ನನ್ನು ಕಂಡು ಬೇರೆ ದಾರಿ ಹಿಡಿಯುತ್ತಾರೆ. ಕಳೆದ ಸೋಮವಾರ ಪಟೇಲ ಚಾಮಯ್ಯ ಎದುರಿಗೆ ಸಿಕ್ಕ. ಹುಡುಗ ಹೇಗಿದ್ದಾನೆ ಎಂದೆ.

“ಚೆನ್ನಾಗವ್ನೆ ಬುದ್ಧಿ, ಚಿನ್ನದಂಗವ್ನೆ” ಎಂದು ಕೈಮುಗಿದು ಹೋದ.

ಆ ಊರಿನಲ್ಲಿ ಯಾರೂ ಆ ಮಗುವನ್ನು ಚೆನ್ನಾಗಿದ್ದಾನೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಇನ್ನು ಮುಚ್ಚಿ ಫಲವಿಲ್ಲವೆಂದು ಹೇಳಿದನೋ, ನನ್ನನ್ನು ದೂರವಿಡಲು ಹೇಳಿದನೋ, ಹುಡುಗನಿಗೆ ಏನಾದರೂ ಆಗಿಯೇ ಹೋಯಿತೋ? ಅಂದಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಹಳ್ಳಿಗೆ ಹೋಗಿ ನೋಡೋಣವೆಂದರೆ, ನನ್ನ ಕಣ್ಣು ಆ ಮಗುವಿನ ಮೇಲೆ ಮತ್ತೆ ಬೀಳುವುದನ್ನು ಆ ತಾಯಿ ಹೇಗೆ ಸಹಿಸಿಯಾಳು?

ಭಾವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮಕ್ಕಳಿಗೆ ಏನು ಹರಸಬೇಕೋ ಅದನ್ನು ಬರೆಯಲು ಈ ಸಲ ಕೈ ಬರುತ್ತಿಲ್ಲ. ನನ್ನ ಮನಸ್ಸಿನಲ್ಲಿದೆ ಎಂದು ತಿಳಿದುಕೋ.

ನಿನ್ನ ತಮ್ಮ
ಬದರೀನಾರಾಯಣ

ಮರೆತ ಮಾತು: ಅಮ್ಮ ಬದುಕಿದ್ದಷ್ಟು ದಿನ ಒಂದು ಸಲವೂ ನನ್ನನ್ನು ಮಗು ಎಂದು ಕರೆಯಲಿಲ್ಲ. ಮನೆಗೆ ಬಂದವರು ನನ್ನನ್ನು ಮೆಚ್ಚಿದರೆ, “ಇದೊಂದು ಎಲ್ಲಿಂದಲೋ ಬಂದು ಬಿದ್ದಿದೆ” ಎಂದು ಒಳಗೆ ಹೋಗುತ್ತಿದ್ದಳು. ಅವಳಿಗೆ ನಾನು ಬೇಡವಾದವನೆಂದೇ ತಿಳಿದಿದ್ದೆ. ಅವಳು ಹೋದ ದಿನ ನಾನು ಅಳಲಿಲ್ಲ. ನೀನು ನೋಡಿದೆ, ಏನೂ ಅನ್ನಲಿಲ್ಲ. ನೀನು ನನಗಿಂತ ಹತ್ತು ವರ್ಷ ದೊಡ್ಡವಳು. ನಿನ್ನ ನಂತರ, ನನಗಿಂತ ಮೊದಲು, ಯಾರು ಯಾರು ಹುಟ್ಟಿದ್ದರು, ಅಕ್ಕ? ಅವರಿಗೆ ಹೆಸರಿಟ್ಟಿದ್ದರೆ ಹೆಸರು ಬರೆ.